ಹಿತ್ತಲ ಹಕ್ಕಿಯ ಜಗಳ: ತಿಂಗಳು, ಗಡಿ, ಲೆಕ್ಕ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



"ಕಾಗಿ ತಲಿಗೆ ಬಡೀತು" ಎಂಬ ಮಾತು ಕೊಪ್ಪಳ ಸೀಮೆಯಲ್ಲಿ ಬೇಸಿಗೆ ಏರಿದಂತೆ ಹೆಚ್ಚು ಕೇಳಿಬರುತ್ತದೆ. ಬಡಿಸಿಕೊಂಡವರು ಮನೆಗೆ ಬಂದವರೇ ತಲೆಗೆ ನೀರು ಹೊಯ್ದುಕೊಳ್ಳುತ್ತಾರೆ. ಕೆಲವರು ಶನಿದೇವರ ಗುಡಿಗೆ ಎಣ್ಣೆ ಒಯ್ಯುತ್ತಾರೆ. ಅದೇ ದಿನಗಳಲ್ಲಿ ಮನೆಯ ಬೆಕ್ಕು ಕಿವಿ ಮುದುಡಿಕೊಂಡು ಹಿತ್ತಲಿಂದ ಓಡಿಬರುತ್ತದೆ. ಹೊಲಕ್ಕೆ ಹೊರಟ ನಾಯಿಯ ಬೆನ್ನು ಹತ್ತಿ ಹಕ್ಕಿಯೊಂದು ಕಿರುಚುತ್ತದೆ. ಅಂಗಳದಲ್ಲಿ ನಿಂತ ಬೈಕಿನ ಕನ್ನಡಿಯನ್ನು ಹೆಬ್ಬೆರಳಿನಷ್ಟು ಹಕ್ಕಿ ಬೆಳಗಿನಿಂದ ಕುಟ್ಟುತ್ತಿರುತ್ತದೆ.

ಇವು ಬೇರೆ ಬೇರೆ ಸಂಗತಿಗಳಂತೆ ಕಂಡರೂ ಬೇರು ಒಂದೇ. ಹಕ್ಕಿಯ ಜಗಳಕ್ಕೆ ಒಂದು ತಿಂಗಳಿದೆ, ಒಂದು ಗಡಿಯಿದೆ, ಯಾರ ಮೇಲೆ ಎಷ್ಟು ಸಿಟ್ಟು ಎಂಬ ಲೆಕ್ಕವೂ ಇದೆ. ಈ ಮೂರನ್ನು ಅರಿತವರಿಗೆ ಹಿತ್ತಲ ಹಕ್ಕಿಯ ನಡತೆ ಒಗಟಾಗಿ ಉಳಿಯುವುದಿಲ್ಲ. ಇಂದಿನ ಉಪನ್ಯಾಸದ ವಿಷಯ ಇಷ್ಟೇ.

ಬೇವಿನ ಗಿಡದ ಪಾಳೇಗಾರ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲ್ಲೂಕುಗಳಲ್ಲಿ ಎಲ್ಲರಿಗೂ ಕಾಣುವ ಜಗಳಗಂಟ ಕಾಜಾಣ. ಮೈಯೆಲ್ಲ ಮಿರಿಮಿರಿ ಕಪ್ಪು, ಬಾಲದ ತುದಿ ಕವಲು. ಕೊಕ್ಕಿನಿಂದ ಬಾಲದವರೆಗೆ ಅಳೆದರೆ ಸುಮಾರು 30 ಸೆಂಟಿಮೀಟರ್, ತೂಕ 50 ಗ್ರಾಮಿನ ಆಸುಪಾಸು. ಎಮ್ಮೆಯ ಬೆನ್ನ ಮೇಲೆ, ಕರೆಂಟ್ ತಂತಿಯ ಮೇಲೆ, ಜೋಳದ ಹೊಲದ ಗೂಟದ ಮೇಲೆ ಕೂತು ಹುಳು ಹಿಡಿಯುತ್ತದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಅದರ ಸಂಸಾರದ ಕಾಲ. ಗೂಡು ಇರುವುದು ಬೇವು, ಜಾಲಿ, ಹುಣಸೆಯ ಹೊರಚಾಚಿದ ಕೊಂಬೆಯ ಕವಲಿನಲ್ಲಿ. ಬಟ್ಟಲಿನಂತಹ ತೆಳು ಗೂಡು. ಮೊಟ್ಟೆ ಮೂರೋ ನಾಲ್ಕೋ. ಕಾವಿಗೆ ಎರಡು ವಾರ, ಮರಿಗೆ ರೆಕ್ಕೆ ಬಲಿಯಲು ಇನ್ನೂ ಸುಮಾರು ಮೂರು ವಾರ.

ಈ ಐದು ವಾರ ಆ ಗಿಡದ ಕೆಳಗೆ ಬೆಕ್ಕು ಹೋಗಿ ನೋಡಲಿ. ಮೊದಲು ಅಳಿಲು ಚಿಟಿಚಿಟಿ ಎನ್ನುತ್ತದೆ. ಕಾಜಾಣ ತುದಿಕೊಂಬೆಯಿಂದ ಕತ್ತು ಬಗ್ಗಿಸಿ ನೋಡುತ್ತದೆ. ಬೆಕ್ಕು ಮುಖ ತಿರುಗಿಸುವ ತನಕ ಕಾದು, ಬೆನ್ನ ಹಿಂದಿನಿಂದಲೇ ಜಾರಿ ಬರುತ್ತದೆ. ಕಿವಿಯ ಹತ್ತಿರ ಕೊಕ್ಕು ಟಕ್ ಎಂದ ಸದ್ದಾಗುವಷ್ಟರಲ್ಲಿ ಹಕ್ಕಿ ಮತ್ತೆ ಮೇಲೆ. ಬೆಕ್ಕು ತಿರುಗಿ ಪಂಜ ಎತ್ತಿದಾಗ ಅಲ್ಲಿ ಗಾಳಿ ಬಿಟ್ಟರೆ ಬೇರೇನಿಲ್ಲ. ಆಗ ಜೋಡಿಯ ಇನ್ನೊಂದು ಹಕ್ಕಿ ಆ ಬದಿಯಿಂದ ಬರುತ್ತದೆ. ನಾಲ್ಕೈದು ಸಲ ಹೀಗಾದ ಮೇಲೆ ಬೆಕ್ಕು ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಚಕ್ಕಡಿಯ ಕೆಳಗೆ ಸೇರುತ್ತದೆ. ಕಾಜಾಣ ಅಲ್ಲಿಗೆ ಬೆನ್ನಟ್ಟುವುದಿಲ್ಲ. ಗೂಡಿಗೂ ಚಕ್ಕಡಿಗೂ ನಡುವೆ ಎಲ್ಲೋ ಒಂದು ಕಡೆ ಅದರ ಗಡಿ ಮುಗಿದಿರುತ್ತದೆ.

ಬೆಕ್ಕನ್ನಷ್ಟೇ ಅಲ್ಲ, ತನಗಿಂತ ಹತ್ತು ಪಟ್ಟು ಮಿಕ್ಕಿ ತೂಗುವ ಹದ್ದನ್ನೂ ಕಾಜಾಣ ಆಕಾಶದಲ್ಲೇ ಬೆನ್ನಟ್ಟಿ ಊರ ಹೊರಗೆ ಕಳಿಸುತ್ತದೆ. ಕಾಗೆ, ಬಿಜ್ಜು, ಮಟಪಕ್ಷಿ ಯಾವುದೂ ಆ ಗಿಡದ ಹತ್ತಿರ ಸುಳಿಯುವಂತಿಲ್ಲ. ಇದರ ಲಾಭ ಪಡೆಯುವವರು ಬಡಪಾಯಿ ಹಕ್ಕಿಗಳು. ಬೆಳವ, ಪಿಕಳಾರ, ಹೊನ್ನಕ್ಕಿ ಇವು ಕಾಜಾಣ ಗೂಡು ಕಟ್ಟಿದ ಗಿಡವನ್ನೇ ಹುಡುಕಿ ಗೂಡು ಕಟ್ಟುವುದನ್ನು ಪಕ್ಷಿತಜ್ಞರು ಬಹಳ ಹಿಂದೆಯೇ ದಾಖಲಿಸಿದ್ದಾರೆ. ಉತ್ತರ ಭಾರತದಲ್ಲಿ ಕಾಜಾಣಕ್ಕೆ 'ಕೋತ್ವಾಲ್' ಎಂಬ ಹೆಸರು ಬಿದ್ದಿರುವುದು ಇದೇ ಕಾರಣಕ್ಕೆ. ಠಾಣೆಯ ಪಕ್ಕದ ಓಣಿಯಲ್ಲಿ ಮನೆ ಮಾಡಿದರೆ ಕಳ್ಳರ ಕಾಟ ಕಡಿಮೆ ಎಂಬ ಲೆಕ್ಕಾಚಾರ ಬೆಳವಕ್ಕೂ ಗೊತ್ತು.

ನೆಲದ ಮೇಲಿನ ಕಾವಲು

ಯಲಬುರ್ಗಾದ ಎರೆ ಹೊಲ, ಕುಷ್ಟಗಿಯ ಮಸಾರಿ ನೆಲ, ಊರಾಚೆ ಖಾಲಿ ಬಿದ್ದ ಸೈಟು, ಇವು ಟಿಟ್ಟಿಭದ ಸೀಮೆ. ಕಣ್ಣಿನ ಮುಂದೆ ಕೆಂಪು ತೊಗಲು, ಉದ್ದನೆಯ ಹಳದಿ ಕಾಲು, ಹಗಲು ರಾತ್ರಿ ಎನ್ನದೆ ಕೂಗುವ ಗಂಟಲು. ಗೂಡು ಎಂಬುದು ಹೆಸರಿಗೆ ಮಾತ್ರ: ನೆಲದಲ್ಲಿ ಒಂದು ತಗ್ಗು, ಸುತ್ತ ನಾಲ್ಕು ಹರಳು. ಅದರಲ್ಲಿ ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ. ಪಟ್ಟಣದಲ್ಲಿ ಖಡಿ ಹರಡಿದ ಚಪ್ಪಟೆ ತಾರಸಿಯ ಮೇಲೂ ಮೊಟ್ಟೆ ಇಡುವುದುಂಟು. ಕಾವಿನ ಅವಧಿ ಸುಮಾರು ನಾಲ್ಕು ವಾರ. ಹೊರಗೆ ಬಿಸಿಲು 40 ಡಿಗ್ರಿ ಮುಟ್ಟಿದಾಗ ತಾಯಿ ತಂದೆ ಹತ್ತಿರದ ಕೆರೆಗೋ ಕಾಲುವೆಗೋ ಹೋಗಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು, ಆ ತೇವದಲ್ಲಿ ಮೊಟ್ಟೆಯನ್ನು ತಂಪಾಗಿಡುತ್ತವೆ.

ಇಂತಹ ಬಯಲು ಗೂಡನ್ನು ಕಾಯುವುದಕ್ಕೆ ಟಿಟ್ಟಿಭದ ಬಳಿ ಎರಡು ಉಪಾಯಗಳಿವೆ, ಯಾವುದು ಯಾರಿಗೆ ಎಂಬುದನ್ನು ಅದು ಎಣಿಸಿಯೇ ಬಳಸುತ್ತದೆ. ಆಕಳು, ಎಮ್ಮೆ, ಕುರಿಹಿಂಡು ಬಂದರೆ ಅವಕ್ಕೆ ಮೊಟ್ಟೆ ತಿನ್ನುವ ಆಸೆಯಿಲ್ಲ, ತುಳಿಯುವ ಭಯ ಮಾತ್ರ. ಆಗ ಹಕ್ಕಿ ಗೂಡಿನ ಮುಂದೆಯೇ ರೆಕ್ಕೆ ಹರಡಿ ನಿಂತು, ಮೂತಿಯ ಎದುರಿಗೇ ಚೀರುತ್ತದೆ. ದನ ಬೆಚ್ಚಿ ಪಕ್ಕಕ್ಕೆ ಸರಿಯುತ್ತದೆ. ನಾಯಿಯೋ ಮುಂಗುಲಿಯೋ ಬಂದರೆ ಲೆಕ್ಕ ಬೇರೆ. ಅವು ಮೊಟ್ಟೆ ಹುಡುಕುವ ಪ್ರಾಣಿಗಳು. ಅಲ್ಲಿ ಗೂಡಿನ ಮುಂದೆ ನಿಲ್ಲುವುದೆಂದರೆ ವಿಳಾಸ ಕೊಟ್ಟಂತೆ. ಆದ್ದರಿಂದ ಹಕ್ಕಿ ಗೂಡಿನಿಂದ ದೂರ ಓಡಿ, ರೆಕ್ಕೆ ಮುರಿದವರಂತೆ ನೆಲದ ಮೇಲೆ ಹೊರಳಾಡಿ, ಬೇಟೆ ಸುಲಭ ಎಂಬ ಆಸೆ ಹುಟ್ಟಿಸುತ್ತದೆ. ನಾಯಿ ಹತ್ತಿರ ಬಂದಷ್ಟೂ ಒಂದೊಂದು ಮಾರು ಮುಂದಕ್ಕೆ. ಗೂಡಿನಿಂದ ಸಾಕಷ್ಟು ದೂರವಾದ ಮೇಲೆ ಮುರಿದ ರೆಕ್ಕೆ ತಟ್ಟನೆ ನೆಟ್ಟಗಾಗುತ್ತದೆ.

ಈ ಹಕ್ಕಿಯ ಛಲವನ್ನು ನಮ್ಮ ಹಿರಿಯರೂ ಗಮನಿಸಿದ್ದರು. ತನ್ನ ಮೊಟ್ಟೆ ಒಯ್ದ ಸಮುದ್ರದ ಮೇಲೆಯೇ ಟಿಟ್ಟಿಭ ಸಿಟ್ಟಿಗೆದ್ದ ಕಥೆ ಪಂಚತಂತ್ರದಲ್ಲಿದೆ. ಕಳ್ಳಬೇಟೆಗೆ ಹೋದವರಿಗೆ ಈ ಹಕ್ಕಿ ಎಂದೂ ಸೇರದು. ಅದು ಕೂಗಿದರೆ ಎರೆ ಹೊಲದ ಕೃಷ್ಣಮೃಗವೂ ತಲೆ ಎತ್ತುತ್ತದೆ, ಮೊಲವೂ ಪೊದೆ ಸೇರುತ್ತದೆ.

ಕಾಗೆಯ ನೆನಪು

ಈಗ ತಲೆಗೆ ಬಡಿಯುವ ಕಾಗೆಯ ವಿಷಯ. ಊರುಕಾಗೆ ಗೂಡು ಕಟ್ಟುವುದು ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ. ಕಾವು ಹದಿನಾರು ಹದಿನೇಳು ದಿನ. ಆಮೇಲೆ ಮೂರರಿಂದ ನಾಲ್ಕು ವಾರಕ್ಕೆ ಮರಿ ಗೂಡು ಬಿಡುತ್ತದೆ. ಗೂಡು ಬಿಟ್ಟ ಮೊದಲ ದಿನಗಳಲ್ಲಿ ಅದಕ್ಕೆ ಹಾರಲು ಸರಿಯಾಗಿ ಬಾರದು. ಕಾಂಪೌಂಡಿನ ಮೇಲೋ ಬೇಲಿಯಲ್ಲೋ ಕೂತಿರುತ್ತದೆ. ಆ ದಾರಿಯಲ್ಲಿ ಹೋದವರಿಗೆಲ್ಲ ತಾಯಿ ತಂದೆಯ ಏಟು ಖಂಡಿತ. ಮರಿ ಕಾಣದವರಿಗೆ ಅದು ಅಪಶಕುನ, ಕಂಡವರಿಗೆ ಬಾಣಂತಿ ಕೋಣೆಗೆ ಕೇಳದೆ ಕಾಲಿಟ್ಟ ತಪ್ಪಿಗೆ ದಂಡ.

2016ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸರ್ಕಾರಿ ಕಾರಿನ ಮೇಲೆ ಕಾಗೆಯೊಂದು ಬಂದು ಕುಳಿತು, ಓಡಿಸಿದರೂ ಕದಲಲಿಲ್ಲ. ಟಿವಿ ವಾಹಿನಿಗಳಲ್ಲಿ ಅದೇ ಚರ್ಚೆ. ಮುಂದೆ ಹೊಸ ಕಾರು ಬಂದಾಗ ಅದಕ್ಕೂ ಕಾಗೆಗೂ ಗಂಟು ಹಾಕಲಾಯಿತು. ಜೂನ್ ಎಂದರೆ ಕಾಗೆಮರಿಗಳು ಗೂಡು ಬಿಡುವ ತಿಂಗಳು ಎಂಬ ಸರಳ ಸಂಗತಿಗೆ ಆ ಗದ್ದಲದಲ್ಲಿ ಜಾಗ ಸಿಗಲಿಲ್ಲ. ರೆಕ್ಕೆ ಬಲಿಯದ ಮರಿ, ನಿತ್ರಾಣಗೊಂಡ ಹಕ್ಕಿ ಎರಡೂ ಹೀಗೆಯೇ ಕೂತಲ್ಲಿ ಕೂರುತ್ತವೆ.

ಕಾಗೆಯ ಸಿಟ್ಟಿಗೆ ನೆನಪಿನ ಬಲವೂ ಇದೆ. ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯಲ್ಲಿ ಕಬ್ಬಿಣದ ಜಾಲರಿಗೆ ಸಿಕ್ಕ ಕಾಗೆಮರಿಯನ್ನು ಬಿಡಿಸಲು ಹೋದ ಕೂಲಿಕಾರನೊಬ್ಬನ ಕೈಯಲ್ಲೇ ಅದು ಸತ್ತಿತು. ಆಮೇಲೆ ಮೂರು ವರ್ಷ ಅವನು ಮನೆಯಿಂದ ಹೊರಗೆ ಕಾಲಿಟ್ಟರೆ ಕಾಗೆಗಳು ಎರಗುತ್ತಿದ್ದವು, ಕೋಲಿಲ್ಲದೆ ಅವನು ಹೊರಡುತ್ತಿರಲಿಲ್ಲ ಎಂಬ ಸುದ್ದಿ 2019ರಲ್ಲಿ ಪತ್ರಿಕೆಗಳಲ್ಲಿ ಬಂತು. ಓದಿದವರು ನಕ್ಕಿರಬಹುದು. ಆದರೆ ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್‌ಲಫ್ 2006ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಕಾಡುಮನುಷ್ಯನ ಮುಖವಾಡ ತೊಟ್ಟು ಏಳು ಕಾಗೆಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟರು. ಹೋಲಿಸಿ ನೋಡಲೆಂದು ಬಳಸಿದ ಇನ್ನೊಂದು ಮುಖವಾಡ ಆಗಿನ ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿಯದು. ಚೇನಿ ಮುಖ ಹೊತ್ತವರನ್ನು ಕಾಗೆಗಳು ಸುಮ್ಮನೆ ಬಿಟ್ಟವು. ಕಾಡುಮನುಷ್ಯನ ಮುಖ ಕಂಡರೆ ಕೂಗಿ ಬೆನ್ನಟ್ಟಿದವು. ಎರಡು ವರ್ಷದ ಬಳಿಕ ಒಂದು ಸುತ್ತು ಹಾಕಿದಾಗ ಎದುರಾದ 53 ಕಾಗೆಗಳಲ್ಲಿ 47 ಬೈದವು. ಹಿಡಿದದ್ದು ಏಳನ್ನು ಮಾತ್ರ. ಉಳಿದವು ನೆರೆಹೊರೆಯಿಂದ, ತಾಯಿ ತಂದೆಯಿಂದ ಕಲಿತವು.

ಆದ್ದರಿಂದ ಒಂದು ಬೆಕ್ಕು ಒಂದು ಸಲ ಕಾಗೆಮರಿ ಕಚ್ಚಿದರೆ ಆ ಓಣಿಯ ಕಾಗೆಗಳೆಲ್ಲ ಅದನ್ನು ಗುರುತಿಟ್ಟುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಕಾಗೆ ಸುಮ್ಮನೆ ಕೆಣಕುವುದೂ ಉಂಟು: ಎಲುಬು ಕಡಿಯುತ್ತ ಕೂತ ನಾಯಿಯ ಬಾಲವನ್ನು ಒಂದು ಕಾಗೆ ಹಿಂದಿನಿಂದ ಎಳೆಯುತ್ತದೆ, ನಾಯಿ ತಿರುಗಿದಾಗ ಇನ್ನೊಂದು ಎಲುಬಿಗೆ ಬಾಯಿ ಹಾಕುತ್ತದೆ.

ಇಷ್ಟು ಚಾಲಾಕಿ ಕಾಗೆ ಕೋಗಿಲೆಯ ಮುಂದೆ ಸೋಲುತ್ತದೆ. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆ ಇಡುವುದು ಎಲ್ಲರಿಗೂ ಗೊತ್ತು. ಗಂಡು ಕೋಗಿಲೆಯನ್ನು ಕಾಗೆಗಳು ಗಿಡದಿಂದ ಗಿಡಕ್ಕೆ ಓಡಿಸುವುದು ಅದೇ ಹಗೆಯಿಂದ. ಕೋಗಿಲೆಮರಿ ಕಾಗೆಮರಿಗಳನ್ನು ಗೂಡಿನಿಂದ ಹೊರದೂಡುವುದು ಅಪರೂಪ. ಮೊದಲು ಮೊಟ್ಟೆಯೊಡೆದು, ಮೊದಲು ಬಾಯ್ದೆರೆದು, ಹೆಚ್ಚು ಪಾಲು ತಿನ್ನುತ್ತದೆ.

ಕನ್ನಡಿಯೊಳಗಿನ ವೈರಿ

ಬೈಕಿನ ಕನ್ನಡಿಗೆ ಹಳೆಯ ಕಾಲುಚೀಲ ತೊಡಿಸಿರುವುದನ್ನು, ಪ್ಲಾಸ್ಟಿಕ್ ಚೀಲ ಕಟ್ಟಿರುವುದನ್ನು ಊರೂರಲ್ಲಿ ಕಾಣಬಹುದು. ಸೂರಕ್ಕಿ, ಮಡಿವಾಳ ಹಕ್ಕಿ, ಪಿಕಳಾರ, ಕುಂಡೆಕುಸ್ಕ ಇವುಗಳ ಕಾಟಕ್ಕೆ ಕಂಡುಕೊಂಡ ಮದ್ದು ಅದು. ಹತ್ತು ಗ್ರಾಮಿಗೂ ಕಡಿಮೆ ತೂಗುವ ಸೂರಕ್ಕಿ ಗಂಡು ತನ್ನ ಗಡಿಯೊಳಗೆ ಇನ್ನೊಂದು ಗಂಡನ್ನು ಸೈರಿಸುವುದಿಲ್ಲ. ಕನ್ನಡಿಯಲ್ಲಿ ಕಾಣುವ ಗಂಡು ಮಾತ್ರ ಎಷ್ಟು ಕುಟ್ಟಿದರೂ ಓಡುವುದಿಲ್ಲ, ಹಾಗಾಗಿ ಜಗಳ ಮುಗಿಯುವುದೂ ಇಲ್ಲ. 2008ರಲ್ಲಿ ಜರ್ಮನಿಯ ಸಂಶೋಧಕರು ಕಾಗೆಯ ಬಳಗದ ಮ್ಯಾಗ್‌ಪೈ ಕನ್ನಡಿಯಲ್ಲಿ ತನ್ನನ್ನೇ ಗುರುತಿಸುತ್ತದೆ ಎಂದು ತೋರಿಸಿದರು. ಸೂರಕ್ಕಿಗೆ ಆ ಭಾಗ್ಯವಿಲ್ಲ. ಮೊಟ್ಟೆಯ ಕಾಲದಲ್ಲಿ ಹೀಗೆ ದಿನಗಟ್ಟಲೆ ಕುಟ್ಟಿದರೆ ಅದರ ಶಕ್ತಿ ಸೋರುತ್ತದೆ. ಕನ್ನಡಿ ಮುಚ್ಚುವುದು ಬೈಕಿಗಿಂತ ಹಕ್ಕಿಗೇ ಹೆಚ್ಚಿನ ಉಪಕಾರ.

ಹಾವು, ಗೂಬೆ, ಗದ್ದಲ

ಹರಟೆಮಲ್ಲ ಹಕ್ಕಿಗಳ ಗುಂಪು ಒಮ್ಮೆಲೇ ಬೇಲಿಯ ಸುತ್ತ ಸೇರಿ ಗದ್ದಲ ಎಬ್ಬಿಸಿದರೆ "ಅಲ್ಲೇನೋ ಹಾವೈತಿ, ನೋಡಿ ಹೋಗು" ಎಂದು ಹೊಲದಲ್ಲಿ ಹಿರಿಯರು ಎಚ್ಚರಿಸುತ್ತಾರೆ. ಮಾತು ಬಹುಪಾಲು ನಿಜವಾಗುತ್ತದೆ. ನಾಗರಹಾವು, ಕೇರೆಹಾವು, ಮುಂಗುಲಿ ಇವುಗಳಲ್ಲೊಂದು ಅಲ್ಲಿರುತ್ತದೆ. ಹಾವಿಗೂ ಹಕ್ಕಿಗೂ ಇರುವ ಹಗೆಯನ್ನು ಕಿನ್ನಾಳದ ಚಿತ್ರಗಾರರು ಗರುಡನ ರೂಪದಲ್ಲಿ ತಲೆಮಾರುಗಳಿಂದ ಕಟ್ಟಿಗೆಯಲ್ಲಿ ಮೂಡಿಸುತ್ತ ಬಂದಿದ್ದಾರೆ. ಹಿತ್ತಲಲ್ಲಿ ಗರುಡನ ಕೆಲಸ ಮಾಡುವವರು ಗುಂಪುಗೂಡಿದ ಸಣ್ಣ ಹಕ್ಕಿಗಳು. ಅಡಗಿ ಹಿಡಿಯುವ ಬೇಟೆಗಾರನ ಗುಟ್ಟು ಬಯಲಾದರೆ ಅವನ ಅರ್ಧ ಬಲ ಹೋಯಿತು.

ಈ ಗದ್ದಲ ಮರಿಗಳಿಗೆ ಪಾಠವೂ ಹೌದು. ಜರ್ಮನಿಯ ಎಬರ್ಹಾರ್ಡ್ ಕ್ಯೂರಿಯೊ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಹಕ್ಕಿ ಗೂಬೆಯನ್ನು ಕಂಡು ಕೂಗುತ್ತಿರುವಾಗ ಪಕ್ಕದ ಪಂಜರದ ಹಕ್ಕಿಗೆ ನಿರುಪದ್ರವಿ ಹಕ್ಕಿಯ ಬೊಂಬೆ ಕಾಣುವಂತೆ ಇಡಲಾಗಿತ್ತು. ಅದು ಆ ಬೊಂಬೆಯನ್ನೇ ವೈರಿಯೆಂದು ಕಲಿತು ಮುಂದೆ ಇತರರಿಗೂ ಕಲಿಸಿತು. ಪ್ಲಾಸ್ಟಿಕ್ ಬಾಟಲಿಯ ಮೇಲೂ ಹೀಗೆ ಹಗೆ ಹುಟ್ಟಿಸಲು ಸಾಧ್ಯವಾಯಿತು.

ಗಂಗಾವತಿ, ಕಾರಟಗಿಯ ಭತ್ತದ ಸೀಮೆಯಲ್ಲಿ ಈ ಗದ್ದಲಕ್ಕೆ ಸಿಕ್ಕು ನರಳುವ ಹಕ್ಕಿ ಕಣಜ ಗೂಬೆ. ರಾತ್ರಿಯೆಲ್ಲ ಇಲಿ ಹಿಡಿದು ರೈತನಿಗೂ ರೈಸ್‌ಮಿಲ್ಲಿಗೂ ನೆರವಾಗುವ ಗೂಬೆ ಹಗಲು ಹೊರಗೆ ಕಂಡರೆ ಕಾಗೆ, ಕಾಜಾಣ ಮುತ್ತಿಕೊಳ್ಳುತ್ತವೆ. ಏಟು ತಿಂದು ಅಂಗಳಕ್ಕೆ ಬಿದ್ದ ಗೂಬೆಯನ್ನು ಜನ ಅಪಶಕುನವೆಂದು ಹೊಡೆಯುತ್ತಾರೆ, ಇಲ್ಲವೇ ವಾಮಾಚಾರದ ಹೆಸರಿನಲ್ಲಿ ಮಾರಾಟದ ಕಣ್ಣು ಬೀಳುತ್ತದೆ. ಒಂದು ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಗೂಬೆಯನ್ನು ಕತ್ತಲಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿದರೆ ಎಷ್ಟೋ ಸಲ ಅದು ಅಂದೇ ಸಂಜೆ ಹಾರುವಷ್ಟು ಚೇತರಿಸಿಕೊಳ್ಳುತ್ತದೆ.

ಊರು ಬಿಟ್ಟು ಹೋದ ಹಕ್ಕಿಗಳು

ಇಲ್ಲಿ ಲೆಕ್ಕಕ್ಕೆ ಸಿಕ್ಕ ಜಗಳ ಹೊರದೇಶದಲ್ಲಿ ಲೆಕ್ಕ ತಪ್ಪಿದ ಉದಾಹರಣೆಗಳಿವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು 2000ದಲ್ಲಿ ಪ್ರಕಟಿಸಿದ, ಜಗತ್ತಿನ ಅತಿ ಕೆಟ್ಟ 100 ದಾಳಿಕೋರ ಜೀವಿಗಳ ಪಟ್ಟಿಯಲ್ಲಿ ಮೂರು ಹಕ್ಕಿಗಳಿವೆ. ಅವುಗಳಲ್ಲಿ ಎರಡು ಕೊಪ್ಪಳದ ಪ್ರತಿ ಹಿತ್ತಲಲ್ಲೂ ಕಾಣುವ ಗೊರವಂಕ ಮತ್ತು ಕೆಂಪು ಕಿಬ್ಬೊಟ್ಟೆಯ ಪಿಕಳಾರ. ಹುಳುಗಳನ್ನು ತಿನ್ನಲಿ ಎಂದು 1862ರಲ್ಲಿ ಮೆಲ್ಬೋರ್ನ್‌ಗೆ ಒಯ್ದ ಗೊರವಂಕ ಅಲ್ಲಿನ ಹಕ್ಕಿಗಳ ಪೊಟರೆಗಳನ್ನು ಕಸಿದುಕೊಂಡಿತು. ಇಲ್ಲಿ ಅದೇ ಗೊರವಂಕಕ್ಕೆ ಪೊಟರೆಯ ಹಾಲಕ್ಕಿಯೂ ಗಿಳಿಯೂ ನೀಲಕಂಠವೂ ಸಮಸಮ ಉತ್ತರ ಕೊಡುತ್ತವೆ. ನಮ್ಮ ರಾಜ್ಯಪಕ್ಷಿ ನೀಲಕಂಠ ನೋಡಲು ಎಷ್ಟು ಚೆಂದವೋ ಗೂಡಿನ ಬಳಿ ಅಷ್ಟೇ ಉಗ್ರ, ಕಾಗೆಯನ್ನು ಕಂಡರೆ ನೇರ ಎರಗುತ್ತದೆ. ಪಿಕಳಾರದ ಜಗಳಗಂಟತನವನ್ನು ಮನುಷ್ಯರು ಪಂದ್ಯಕ್ಕೂ ಬಳಸಿದರು. ಅಸ್ಸಾಮಿನ ಹಾಜೋದಲ್ಲಿ ಮಾಘ ಬಿಹು ಹಬ್ಬಕ್ಕೆ ನಡೆಯುತ್ತಿದ್ದ ಪಿಕಳಾರ ಕಾಳಗಕ್ಕೆ ಅನುಮತಿ ನೀಡಿದ್ದ ಸರ್ಕಾರಿ ಮಾರ್ಗಸೂಚಿಯನ್ನು ಗುವಾಹಟಿ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಮಾಡಿತು.

ಆಸ್ಟ್ರೇಲಿಯಾದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಅಲ್ಲಿನ ಮ್ಯಾಗ್‌ಪೈ ಪರಿಚಿತ. ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅದು ಸೈಕಲ್ ಸವಾರರ ಮೇಲೆ ಎರಗುತ್ತದೆ. ಎರಗುವುದು ಬಹುತೇಕ ಗಂಡು, ಅದೂ ಗೂಡಿನ ಆಸುಪಾಸಿನಲ್ಲಿ. ಸವಾರರು ಹೆಲ್ಮೆಟ್ಟಿಗೆ ಪ್ಲಾಸ್ಟಿಕ್ ಕಡ್ಡಿಗಳನ್ನು ಮುಳ್ಳಿನಂತೆ ಸಿಕ್ಕಿಸಿಕೊಂಡು ಹೋಗುತ್ತಾರೆ. ನಗರಾಡಳಿತ ಆ ಬೀದಿಗೆ ಎಚ್ಚರಿಕೆಯ ಫಲಕ ಹಾಕುತ್ತದೆ. ಋತು ಮುಗಿದ ಮೇಲೆ ಅದೇ ಹಕ್ಕಿ ಅಂಗಳಕ್ಕೆ ಬಂದು ತಣ್ಣಗೆ ಹುಳು ಹೆಕ್ಕುತ್ತದೆ.

ಯಾರ ಲೆಕ್ಕ ತಪ್ಪಿದೆ

ಜಗಳದಲ್ಲಿ ಹಕ್ಕಿ ಗೆಲ್ಲುವ ಚಿತ್ರಗಳನ್ನೇ ನೋಡಿದರೆ ಅರ್ಧ ಸತ್ಯವಷ್ಟೇ ಕಂಡಂತೆ. ಗೂಡಿನ ಬಳಿ ಬೆಕ್ಕು ಸೋತರೂ ನೆಲಕ್ಕೆ ಬಿದ್ದ ಮರಿಯ ಮುಂದೆ ಅದು ಗೆಲ್ಲುತ್ತದೆ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನ, ಅಲ್ಲಿನ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು ಅಂದಾಜು ಮಾಡಿತು. ಬೆಕ್ಕಿನ ಬಾಯಿಂದ ಬಿಡಿಸಿದ ಹಕ್ಕಿಯ ಮೈಮೇಲೆ ಗಾಯ ಕಾಣದಿದ್ದರೂ ಹಲ್ಲಿನ ಮೂಲಕ ಸೇರಿದ ಬ್ಯಾಕ್ಟೀರಿಯಾದಿಂದ ಅದು ಒಂದೆರಡು ದಿನದಲ್ಲಿ ಸಾಯಬಹುದು.

ನಾಯಿಗಳ ಕಥೆ ಊರಾಚೆ ಇನ್ನೂ ಗಂಭೀರ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಅಂತಹ ಹೊಳೆಗಳಲ್ಲೂ ಮರಳುದಿಬ್ಬದಲ್ಲಿ ಮೊಟ್ಟೆ ಇಡುವ ಹಕ್ಕಿಗಳು ಆಕಾಶದಿಂದ ಎಷ್ಟು ಎರಗಿದರೂ ಗುಂಪಾಗಿ ಬಂದ ಬೀದಿನಾಯಿಗಳನ್ನು ತಡೆಯಲಾರವು. ಒಂದು ಮುಂಗುಲಿಗೆ ಹೂಡಿದ ಉಪಾಯ ಹತ್ತು ನಾಯಿಗಳ ಮುಂದೆ ನಡೆಯುವುದಿಲ್ಲ.

ಕಾಗೆ ಮತ್ತು ನಾಯಿ ಎರಡನ್ನೂ ಹೆಚ್ಚಿಸುತ್ತಿರುವುದು ಕಲ್ಯಾಣಮಂಟಪದ ಹಿಂದೆ ಸುರಿದ ಅನ್ನ, ಸಂತೆಯ ಮಾಂಸದ ಕಸ, ರಸ್ತೆ ಬದಿಯ ಎಂಜಲು. ಕಾಗೆ ಹೆಚ್ಚಾದಲ್ಲಿ ಸಣ್ಣ ಹಕ್ಕಿಗಳ ಮೊಟ್ಟೆ ಉಳಿಯುವುದು ಕಷ್ಟ. ಹಾಗೆಂದು ಕಾಗೆಯನ್ನು ಹೊಡೆಯುವುದು ಪರಿಹಾರವಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಗೆಯನ್ನು ಪೀಡಕ ಪ್ರಾಣಿಗಳ ಪಟ್ಟಿಯಲ್ಲಿಟ್ಟಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ಕೈಬಿಟ್ಟಿದೆ. ಕಸ ಮುಚ್ಚಿಡುವುದು ಪುರಸಭೆಗೂ ಪಂಚಾಯಿತಿಗೂ ಮನೆಗೂ ಸೇರಿದ ಕೆಲಸ.

ಉಳಿದದ್ದೆಲ್ಲ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಎಚ್ಚರ. ಗೂಡಿರುವ ಗಿಡದ ಕೆಳಗಿನ ದಾರಿಯನ್ನು ಕೆಲವು ವಾರ ಬದಲಿಸಿಕೊಳ್ಳಿ. ಬೇರೆ ದಾರಿಯಿಲ್ಲದಿದ್ದರೆ ಕೊಡೆ ಹಿಡಿಯಿರಿ. ಮರಿ ನೆಲದಲ್ಲಿ ಕಂಡರೆ ಮನೆಗೆ ತಂದು ಹಾಲು ಅನ್ನ ಇಡಬೇಡಿ. ಹತ್ತಿರದ ಗಿಡದ ಕೊಂಬೆಗೆ ಏರಿಸಿ ದೂರ ಸರಿದರೆ ತಾಯಿ ಬಂದೇ ಬರುತ್ತದೆ. ಮರಿ ಹಾರುವ ಆ ವಾರ ಬೆಕ್ಕನ್ನು ಬೆಳಗ್ಗೆ ಸಂಜೆ ಒಳಗಿಡಿ. ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆ ಕಡಿಸುವವರು ಗರಗಸ ಇಡುವ ಮೊದಲು ಒಮ್ಮೆ ಮೇಲೆ ನೋಡಿ. ಗಾಯಗೊಂಡ ಹಕ್ಕಿ ಸಿಕ್ಕರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಸಭೆಯಲ್ಲಿರುವ ಶಿಕ್ಷಕರಲ್ಲಿ ಒಂದು ಕೋರಿಕೆ. ಬರುವ ಮಾರ್ಚ್‌ನಲ್ಲಿ ಪ್ರತಿ ಶಾಲೆಯಲ್ಲೂ ಒಂದು ನೋಟ್‌ಬುಕ್ ತೆರೆಯಿರಿ. ಯಾವ ದಿನ, ಯಾವ ಗಿಡ, ಯಾವ ಹಕ್ಕಿ, ಯಾರ ಮೇಲೆ ಎರಗಿತು, ಎಷ್ಟು ದೂರದವರೆಗೆ ಬೆನ್ನಟ್ಟಿತು ಎಂದು ಮಕ್ಕಳೇ ಬರೆಯಲಿ. ನಾಲ್ಕು ತಾಲ್ಲೂಕಿನ ಶಾಲೆಗಳು ಐದು ವರ್ಷ ಇದನ್ನು ಬಿಡದೆ ನಡೆಸಿದರೆ, ಈ ಜಿಲ್ಲೆಯ ಹಿತ್ತಲ ಹಕ್ಕಿಗಳ ಬಗ್ಗೆ ಮುಂದಿನ ಉಪನ್ಯಾಸಕ್ಕೆ ಬೇಕಾದ ಸಾಮಗ್ರಿ ಆ ನೋಟ್‌ಬುಕ್ಕುಗಳಲ್ಲೇ ಸಿಗುತ್ತದೆ.